ಹಿಂದಿನ ಸೀಟಿನ ಕೆಮ್ಮು

ರೈಲು ನಿಲ್ದಾಣದ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನವರಿಗೂ ಫೋನಿನಲ್ಲಿ ಬುಕಿಂಗ್ ಹಿಡಿಯುವ ಆ್ಯಪ್ ಕಾರಿನವರಿಗೂ ಎಣ್ಣೆ ಸೀಗೆಕಾಯಿ. ಸ್ಟ್ಯಾಂಡಿನವರದು ಸಾಲಿನ ಬದುಕು. ಬೆಳಗ್ಗೆ ಬಂದು ಸಾಲಿನ ಕೊನೆಗೆ ಗಾಡಿ ನಿಲ್ಲಿಸಬೇಕು, ಮುಂದಿನದು ಹೋದ ಹಾಗೆಲ್ಲ ಇಂಜಿನ್ ಹಾಕದೆ ಕೈಯಲ್ಲೇ ತಳ್ಳಿಕೊಂಡು ಒಂದೊಂದು ಗಾಡಿಯಷ್ಟು ಮುಂದೆ ಸರಿಯಬೇಕು. ಸಾಲಿನ ತಲೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತದೆ. ಹಾಗೆ ಕಾದು ಕಾದು ಬೆಂದವರ ಕಣ್ಣೆದುರಿಗೇ ಯಾವನೋ ಒಬ್ಬ ಸುಯ್ಯೆಂದು ಬಂದು, ಫೋನು ನೋಡಿ, ಗಿರಾಕಿಯನ್ನು ಹತ್ತಿಸಿಕೊಂಡು ಹೊರಟೇಬಿಟ್ಟರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಹೀಗೆ ಸುಯ್ಯೆಂದು ಬರುವವರಲ್ಲಿ ಅಳಿಯನೂ ಒಬ್ಬ. ಹೆಂಡತಿಯ ತವರಿನಲ್ಲೇ ಇದ್ದು ಮಾವ ಕೊಡಿಸಿದ ಕಾರು ಓಡಿಸುತ್ತಿದ್ದುದರಿಂದ ಅವನು ಮಾವನಿಗಷ್ಟೇ ಅಲ್ಲ, ಇಡೀ ಬೀದಿಗೇ ಅಳಿಯನಾಗಿದ್ದ. ಹಾಲಿನವನೂ ಅಳಿಯ ಎಂದೇ ಕೂಗುತ್ತಿದ್ದ. ಮಾವ ಕೆಮ್ಮಿದರೆ ಎದ್ದು ನಿಲ್ಲುವ ಪ್ರಾಣಿ. ಸ್ಟ್ಯಾಂಡಿನ ಕಡೆ ಬುಕಿಂಗ್ ಬಂದರೆ ಬಿಟ್ಟುಬಿಡೋಣ ಎನ್ನಿಸುತ್ತಿತ್ತು. ಆದರೆ ಬಂದ ಬುಕಿಂಗನ್ನು ಪದೇ ಪದೇ ಬಿಟ್ಟರೆ ಆ್ಯಪ್ ಮುನಿಸಿಕೊಳ್ಳುತ್ತದೆ. ಆ್ಯಪಿನ ಮುನಿಸು ಮಾವನ ಮುನಿಸಿಗಿಂತ ಕೆಟ್ಟದ್ದು, ಅದಕ್ಕೆ ಸಮಾಧಾನ ಹೇಳಲು ಅತ್ತೆ ಇರುವುದಿಲ್ಲ.

ಅಂದು ಮಧ್ಯಾಹ್ನವೂ ಹಾಗೇ ಆಯಿತು. ದೂರದ ರೈಲಿನಿಂದ ಇಳಿದ ದೊಡ್ಡ ಕುಟುಂಬವೊಂದು ಅವನ ಉದ್ದನೆಯ ಕಾರನ್ನು ಬುಕ್ ಮಾಡಿತ್ತು. ಅಜ್ಜಿ, ಸೋದರತ್ತೆ, ಗಂಡ ಹೆಂಡತಿ, ಚಿಕ್ಕಪ್ಪ, ಮೂರು ವರ್ಷದ ಮಗಳು, ಬೆಟ್ಟದಷ್ಟು ಸಾಮಾನು. ಅವನು ಡಿಕ್ಕಿಯ ಬಾಗಿಲೆತ್ತಿ ಕೊನೆಯ ಸೀಟಿನ ಅರ್ಧಕ್ಕೆ ಚೀಲ ತುಂಬುತ್ತಿರುವಾಗ ಬಾನೆಟ್ಟಿನ ಮೇಲೆ ಧಡ್ ಎಂದು ಒಂದು ಕೈ ಬಿತ್ತು. ಸ್ಟ್ಯಾಂಡಿನ ಮೀಸೆಯ ಕೈ. ಮೀಸೆ ಎಂದರೆ ಆ ಮನುಷ್ಯನಿಗಿಂತ ಮೊದಲು ಕಾಣಿಸುವುದೇ ಮೀಸೆ, ಹೆಸರು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಒಂದು ಕಾರಿಗೆ ಇಷ್ಟು ಜನ, ಇಷ್ಟು ಸಾಮಾನು ತುಂಬುವ ಹಾಗಿಲ್ಲ, ಪೊಲೀಸರನ್ನು ಕರೆಯಲೇ ಎಂದು ಅವನು ಜಗಳಕ್ಕೆ ನಿಂತ. ಅವನ ಹಿಂದೆ ಸ್ಟ್ಯಾಂಡಿನ ಇನ್ನಿಬ್ಬರು ನಿಂತರು. ರೈಲಿನಲ್ಲಿ ನಿದ್ದೆಗೆಟ್ಟಿದ್ದ ಕುಟುಂಬಕ್ಕೆ ಜಗಳ ಬೇಡವಾಗಿತ್ತು. ಅಜ್ಜಿಯೂ ಸೋದರತ್ತೆಯೂ ಸಾಮಾನಿನ ಜೊತೆ ಈ ಕಾರಿಗೆ, ಉಳಿದವರು ಮೀಸೆಯ ಟ್ಯಾಕ್ಸಿಗೆ ಎಂದು ರಾಜಿಯಾಯಿತು.

ಮಗು ಯಾವ ಕಾರಿಗೆ ಎಂದು ಯಾರೂ ಹೇಳಲಿಲ್ಲ. ಅವಳು ಒಂದು ಬಾಗಿಲಿನಿಂದ ಅಳಿಯನ ಕಾರಿಗೆ ಹತ್ತಿದ್ದನ್ನು ಅಜ್ಜಿ ನೋಡಿದ್ದಳು. ಇನ್ನೊಂದು ಬಾಗಿಲಿನಿಂದ ಅಪ್ಪ ಕರೆದದ್ದನ್ನೂ ಕೇಳಿದ್ದಳು. ಹಾಗಾದರೆ ಅಮ್ಮನ ಜೊತೆ ಹೋದಳು ಎಂದುಕೊಂಡಳು. ಅಮ್ಮ, ಮಗಳು ಅಜ್ಜಿಯ ಜೊತೆ ಇದ್ದಾಳೆ ಎಂದುಕೊಂಡಳು. ಅಳಿಯನೋ, ಬಾನೆಟ್ಟಿನ ಮೇಲಿದ್ದ ಆ ಕೈಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಅಜ್ಜಿಯನ್ನು ಮನೆಯ ಗೇಟಿನ ಮುಂದೆ ಇಳಿಸುವಾಗಲೇ ಫೋನು ಟಿಣ್ ಎಂದು ಮುಂದಿನ ಬುಕಿಂಗ್ ತೋರಿಸಿತು. ಸೋದರತ್ತೆ ಕೊನೆಯ ಚೀಲ ಎಳೆದುಕೊಳ್ಳುವ ಮೊದಲೇ ಅವನು ಈ ಬಾಡಿಗೆ ಮುಗಿಯಿತು ಎಂದು ಒತ್ತಿಬಿಟ್ಟ. ಹಾಗೆ ಒತ್ತಿದರೆ ಗಿರಾಕಿಯ ನಂಬರು ಆ್ಯಪಿನಿಂದ ಮಾಯವಾಗುತ್ತದೆ, ಮತ್ತೆ ಯಾರು ಯಾರಿಗೂ ಸಿಗುವುದಿಲ್ಲ. ಕೊನೆಯ ಸೀಟಿನ ಮೂಲೆಯಲ್ಲಿ ಅವನು ಮಧ್ಯಾಹ್ನ ಮಲಗಲು ಇಟ್ಟುಕೊಂಡ ದುಪ್ಪಟಿ ಮುದ್ದೆಯಾಗಿ ಬಿದ್ದಿತ್ತು. ಅದನ್ನು ಸೋದರತ್ತೆಯೂ ನೋಡಿದಳು, ಅವನೂ ಕನ್ನಡಿಯಲ್ಲಿ ನೋಡಿದ. ದುಪ್ಪಟಿ ಎಂದೇ ನೋಡಿದರು.

ಮುಂದಿನ ಗಿರಾಕಿಯ ಕಡೆಗೆ ಅರ್ಧ ದಾರಿ ಹೋಗಿದ್ದಾಗ ದುಪ್ಪಟಿ ಕೆಮ್ಮಿತು.

ಅಳಿಯ ಕನ್ನಡಿ ನೋಡಿದ. ಮೊದಲು ಬೆಕ್ಕು ಎಂದುಕೊಂಡ. ಬೆಕ್ಕು ಕೆಮ್ಮುವುದನ್ನು ಅವನು ಕೇಳಿರಲಿಲ್ಲ, ಆದರೂ ಬೆಕ್ಕೇ ಆಗಿರಲಿ ಎಂದು ಆಸೆಪಟ್ಟ. ಕಾರನ್ನು ಪಕ್ಕಕ್ಕೆ ಹಾಕಿ, ಹಿಂದೆ ಹೋಗಿ, ದುಪ್ಪಟಿಯ ತುದಿಯನ್ನು ಎರಡೇ ಬೆರಳಲ್ಲಿ ಎತ್ತಿದ. ಬೆವರಿಗೆ ಕೂದಲು ಹಣೆಗೆ ಅಂಟಿಕೊಂಡ ಹುಡುಗಿ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು.

ಅವನು ರಸ್ತೆಯ ಎರಡೂ ಕಡೆ ನೋಡಿದ. ಆ ವಾರ ಬೇರೆ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರದೇ ಸುದ್ದಿ. ಕಾರಿನಲ್ಲಿ ಬರುತ್ತಾರಂತೆ, ಚಾಕೊಲೇಟು ಕೊಡುತ್ತಾರಂತೆ. ಒಂದು ಕಡೆ ಆಟಿಕೆ ಮಾರುವವನನ್ನು ಹಿಡಿದು ಜನ ಹೇಗೆ ಬಡಿದರು ಎಂಬುದನ್ನು ಅವನ ಹೆಂಡತಿಯೇ ಫೋನಿನಲ್ಲಿ ತೋರಿಸಿದ್ದಳು. ಆಟಿಕೆಯವನು ಕೈಮುಗಿದು ಏನೋ ಹೇಳುತ್ತಿದ್ದ, ಗಲಾಟೆಯಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ. ಅದನ್ನು ನೋಡಿದ ದಿನ ಅಳಿಯ ಸರಿಯಾಗಿ ಊಟ ಮಾಡಿರಲಿಲ್ಲ.

ನಂಬರಿಗಾಗಿ ತಡಕಾಡಿದ. ಇರಲಿಲ್ಲ. ಆ್ಯಪಿನ ಸಹಾಯವಾಣಿಗೆ ಮಾಡಿದರೆ ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಪಿಟೀಲು ಕೇಳಿಸಿತು. ಅದರ ಮಧ್ಯೆ ಮುಂದಿನ ಗಿರಾಕಿ ಕರೆ ಮಾಡಿ ಎಲ್ಲಿದ್ದೀರಿ ಎಂದು ದಬಾಯಿಸಿದ. ಗಾಡಿ ಕೆಟ್ಟಿದೆ ಎಂದು ಸುಳ್ಳು ಹೇಳಿ, ಬುಕಿಂಗ್ ಬಿಟ್ಟು, ಅಳಿಯ ಕಾರನ್ನು ಬಂದ ದಾರಿಗೇ ತಿರುಗಿಸಿದ. ಗೇಟಿನ ಮುಂದೆ ನಿಲ್ಲಿಸಿ, ಅಮ್ಮಾ ನಿಮ್ಮ ಮಗು ಎಂದು ಕೊಟ್ಟು, ಕೈಮುಗಿದು ಬಂದುಬಿಡುವುದು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದ.

ಬೀದಿಯ ಬಾಯಿಗೆ ಬಂದಾಗ ಪಾಠ ಮರೆತುಹೋಯಿತು. ಆ ಮನೆಯ ಮುಂದೆ ಜನವೋ ಜನ. ಮೀಸೆಯ ಟ್ಯಾಕ್ಸಿಯ ನಾಲ್ಕೂ ಬಾಗಿಲು ತೆರೆದಿದ್ದವು, ಯಾರೋ ಡಿಕ್ಕಿಯೊಳಗೆ ತಲೆ ಹಾಕಿ ಹುಡುಕುತ್ತಿದ್ದರು. ಜಗಳ ತೆಗೆದು ಮನೆಯವರನ್ನು ಎರಡು ಕಾರಿಗೆ ಒಡೆದವನು ಇವನೇ ಎಂದು ಮೀಸೆಯನ್ನು ಗೋಡೆಗೆ ಒತ್ತಿ ಹಿಡಿದಿದ್ದರು. ಅವನ ಅಂಗಿ ಹರಿದು ಒಂದು ತೋಳು ಜೋತಾಡುತ್ತಿತ್ತು. ಮಗು ಎಲ್ಲಿ ಎಂದು ಒಬ್ಬ ಕೇಳಿದ, ಉತ್ತರ ಬರುವ ಮೊದಲೇ ಇನ್ನೊಬ್ಬ ಹೊಡೆದ. ಮೀಸೆಯ ತಲೆ ಗೋಡೆಗೆ ಬಡಿದ ಸದ್ದು ಅಷ್ಟು ದೂರಕ್ಕೆ ಕೇಳಿಸಲಾರದು. ಅಳಿಯನಿಗೆ ಮಾತ್ರ ಕೇಳಿಸಿತು.

ಇಳಿಯಬೇಕಿತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಅವನ ಕೈ ಅವನನ್ನು ಕೇಳದೆಯೇ ಗೇರ್ ಹಾಕಿತು, ಕಾರು ಹಿಂದಕ್ಕೆ ಸರಿಯಿತು, ತಿರುಗಿತು, ಓಡಿತು. ದೂರ ಹೋದ ಮೇಲೆ ಅವನಿಗೆ ತಾನು ಮಾಡಿದ್ದೇನು ಎಂಬುದು ಹೊಳೆಯಿತು. ಇಷ್ಟು ಹೊತ್ತು ಅವನ ಕಾರಿನಲ್ಲಿ ಒಂದು ಮಗು ಮರೆತುಹೋಗಿತ್ತು. ಈಗ ಅವನು ಮಗುವನ್ನು ಎತ್ತಿಕೊಂಡು ಓಡಿದವನಾಗಿದ್ದ.

ಬೀಗ ಹಾಕಿದ ಗೋದಾಮೊಂದರ ಹಿಂದೆ ಕಾರು ನಿಲ್ಲಿಸಿದ. ಅಷ್ಟರಲ್ಲಿ ಮಗುವಿಗೆ ಎಚ್ಚರವಾಯಿತು. ಅಮ್ಮ ಎಲ್ಲಿ ಎಂದಳು. ಬರುತ್ತಾಳೆ ಎಂದ. ನೀನು ಯಾರು ಎಂದಳು. ಮಾಮ ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಒಪ್ಪಿಕೊಂಡವಳಂತೆ, "ಮಾಮ, ಸೂಸು" ಎಂದಳು.

ಜಗತ್ತಿನಲ್ಲಿ ಇನ್ನೊಬ್ಬನಿಗೆ ಇಂಥ ಗತಿ ಬರಬಾರದು. ಯಾರದೋ ಮಗುವನ್ನು ಗೋದಾಮಿನ ಹಿಂದೆ ಇಳಿಸಿ, ಚಡ್ಡಿ ಬಿಚ್ಚಿ ಕೂರಿಸಿ, ಬೀಳದಂತೆ ಎರಡೂ ಕೈ ಹಿಡಿದುಕೊಂಡು ಅವನು ಆಕಾಶ ನೋಡುತ್ತ ನಿಂತ. ಸಂತೆಚೀಲ ಹಿಡಿದ ಇಬ್ಬರು ಹೆಂಗಸರು ಆ ಕಡೆಯಿಂದ ಬಂದರು. ಒಬ್ಬಳು ನಡಿಗೆ ನಿಧಾನ ಮಾಡಿ ಕಾರನ್ನು ನೋಡಿದಳು, ಮಗುವನ್ನು ನೋಡಿದಳು, ಅವನನ್ನು ನೋಡಿದಳು. ಅಳಿಯ ನಗಲು ಹೋದ. ಆ ನಗು ಹೇಗಿತ್ತೋ, ಹೆಂಗಸು ಇನ್ನೊಬ್ಬಳ ಕೈ ಹಿಡಿದು ಬೇಗ ಬೇಗ ಹೆಜ್ಜೆ ಹಾಕಿದಳು. ಅವಳು ಸಂತೆಚೀಲದಲ್ಲಿ ಫೋನಿಗಾಗಿ ಕೈಯಾಡಿಸುತ್ತಿದ್ದಾಳೆ ಎಂದು ಅವನಿಗೆ ಖಂಡಿತವಾಗಿ ಅನ್ನಿಸಿತು.

ಪೊಲೀಸ್ ಠಾಣೆಗೆ ಹೋಗೋಣವೆಂದರೆ, ಬೀದಿಯ ತನಕ ಹೋದವನು ಓಡಿಬಂದದ್ದೇಕೆ ಎಂದು ಕೇಳುತ್ತಾರೆ. ಎದುರಿಗೆ ಒಂದು ಔಷಧಿ ಅಂಗಡಿ ಇತ್ತು. ಮಗುವನ್ನು ಅದರ ಮೆಟ್ಟಿಲ ಮೇಲೆ ಕೂರಿಸಿ, ಸುಮ್ಮನೆ ಹೊರಟುಬಿಟ್ಟರೆ? ಯಾರಾದರೂ ನೋಡುತ್ತಾರೆ, ಯಾರಾದರೂ ಮುಟ್ಟಿಸುತ್ತಾರೆ. ಮಗು ಮನೆ ಸೇರುತ್ತದೆ, ಅವನ ಜೀವ ಉಳಿಯುತ್ತದೆ. ಅವನು ನಿಜಕ್ಕೂ ರಸ್ತೆ ದಾಟಿದ. ಮೆಟ್ಟಿಲಿನವರೆಗೂ ಹೋದ. ಕೂರಿಸಲು ಬಗ್ಗಿದಾಗ ಮಗು ಅವನ ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಬಿಡಿಸಿಕೊಳ್ಳುವುದೇನೂ ಕಷ್ಟವಿರಲಿಲ್ಲ. ಆದರೆ ಇದು ಮನೆ ಸೇರುವಷ್ಟರಲ್ಲಿ ಆ ಗೋಡೆಯ ಹತ್ತಿರ ಮೀಸೆಯ ಗತಿ ಏನಾಗುತ್ತದೋ ಎಂಬ ಯೋಚನೆ ಬಂತು. ಮಗುವನ್ನು ಎತ್ತಿಕೊಂಡು ವಾಪಸ್ ಬಂದು ಕಾರಿನಲ್ಲಿ ಕೂತ. ಒಬ್ಬನೇ ಆ ಬೀದಿಗೆ ಹೋಗುವುದು ಮಾತ್ರ ಅವನಿಂದಾಗದ ಕೆಲಸ. ಉಳಿದದ್ದು ಒಂದೇ ಜಾಗ. ಅಲ್ಲಿಯೂ ಒದೆ ಬೀಳುವುದು ಗ್ಯಾರಂಟಿ, ಆದರೆ ಅವರು ಮೀಸೆಯ ಕಡೆಯವರು.

ಸ್ಟ್ಯಾಂಡಿನಲ್ಲಿ ಎಲ್ಲರೂ ಗಾಡಿ ಬಿಟ್ಟು ಗುಂಪಾಗಿ ನಿಂತಿದ್ದರು. ಮೀಸೆ ಫೋನು ಮಾಡಿ, ನನ್ನನ್ನು ಹಿಡಿದುಕೊಂಡಿದ್ದಾರೆ ಎನ್ನುವಷ್ಟರಲ್ಲಿ ಯಾರೋ ಕಿತ್ತುಕೊಂಡಿದ್ದರಂತೆ. ಯಾವ ಬೀದಿ ಎಂದು ಹೇಳಲೂ ಬಿಟ್ಟಿರಲಿಲ್ಲ. ಆ್ಯಪ್ ಕಾರೊಂದು ಸೀದಾ ಸ್ಟ್ಯಾಂಡಿನೊಳಕ್ಕೇ ನುಗ್ಗಿದ್ದನ್ನು ಕಂಡು ಒಬ್ಬ ಕಟ್ಟುಮಸ್ತಾದ ಡ್ರೈವರ್ ಬಾಗಿಲು ತೆರೆದು ಅಳಿಯನ ಕೊರಳಪಟ್ಟಿಗೆ ಕೈ ಹಾಕಿದ. ಅಳಿಯ ಹಿಂದಕ್ಕೆ ಕೈ ತೋರಿಸಿದ, ಅಷ್ಟೆ.

ಗುಂಪನ್ನು ಸರಿಸಿಕೊಂಡು ಬಂದು ಹಿಂದಿನ ಬಾಗಿಲು ತೆರೆದವರು ದೊಡ್ಡಪ್ಪ. ಸ್ಟ್ಯಾಂಡಿನ ಎಲ್ಲರಿಗೂ ಅವರು ದೊಡ್ಡಪ್ಪನೇ, ವಯಸ್ಸಿನಲ್ಲಿ ಅವರಿಗಿಂತ ಹಳೆಯದು ಅವರ ಗಾಡಿಯೊಂದೇ ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ಅವರು ಮಗುವನ್ನು ನೋಡಿದರು. ಕೊರಳಪಟ್ಟಿ ಬಿಡು ಎಂದು ಕಣ್ಣಲ್ಲೇ ಹೇಳಿದರು.

"ಇಳಿಸಿದ ಮೇಲೆ ಹಿಂದೆ ನೋಡಲಿಲ್ವಾ?"

ಸ್ಟ್ಯಾಂಡಿನವರಿಗೆ ಅದು ರೂಢಿ. ಗಿರಾಕಿ ಇಳಿದ ಮೇಲೆ ಡ್ರೈವರ್ ಇಳಿದು, ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಒಮ್ಮೆ ಕೈಯಾಡಿಸದೆ ಹೊರಡುವುದಿಲ್ಲ. ಮುಂದಿನ ಬುಕಿಂಗ್ ಬಂತು ಎಂದು ಅಳಿಯ ಗೊಣಗಿದ. ಮೀಸೆಯವರನ್ನು ಜನ ಹಿಡಿದುಕೊಂಡಿದ್ದಾರಂತೆ, ದಾರಿಯಲ್ಲಿ ಯಾರೋ ಹೇಳಿದರು ಎಂದ. ಕಣ್ಣಾರೆ ಕಂಡೆ ಎನ್ನಲು ನಾಲಿಗೆ ಏಳಲಿಲ್ಲ.

"ಒಬ್ಬನೇ ಹೋಗೋಕಾಗಲ್ಲ ಯಜಮಾನ್ರೇ," ಎಂದ. "ಹೆದರಿಕೆ ಆಗ್ತಿದೆ."

ಯಾರೂ ನಗಲಿಲ್ಲ. ಗಂಡಸರ ಗುಂಪಿನಲ್ಲಿ ಆ ಮಾತಿಗೆ ಯಾರೂ ನಗದಿದ್ದುದು ಅವನಿಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು. ಅವರೆಲ್ಲರ ಮುಖ ಬಿಳಿಚಿಕೊಂಡಿತ್ತು.

ಆ ಹೊತ್ತಿಗೆ ರೈಲು ಬರುವ ಗಂಟೆ ಬಾರಿಸಿತು. ದೊಡ್ಡಪ್ಪನ ಗಾಡಿ ಸಾಲಿನ ತಲೆಯಲ್ಲಿತ್ತು. ಬೆಳಗಿನಿಂದ ತಳ್ಳಿ ತಳ್ಳಿ ತಂದ ಜಾಗ, ಬಿಟ್ಟರೆ ಮತ್ತೆ ಕೊನೆಗೇ ಹೋಗಿ ನಿಲ್ಲಬೇಕು. ಅವರು ಬೀಗದ ಕೈಯನ್ನು ಕಟ್ಟುಮಸ್ತಾದವನಿಗೆ ಎಸೆದು, ನೀನು ನನ್ನ ಗಾಡಿಯಲ್ಲಿ ಮುಂದೆ ನಡೆ, ಇನ್ನೆರಡು ಗಾಡಿ ಹಿಂದೆ ಬರಲಿ, ಇವನದು ನಡುವೆ ಇರಲಿ ಎಂದರು. ಬೀದಿಯ ಗುರುತು ಅಳಿಯನಿಂದ ಕೇಳಿ ಹೇಳಿದರು. ತಾವು ಅಳಿಯನ ಕಾರಿನಲ್ಲಿ ಮಗುವಿನ ಪಕ್ಕ ಕೂತರು. ನಿಲ್ದಾಣದಿಂದ ಹೊರಬಂದ ಜನ ಟ್ಯಾಕ್ಸಿ ಟ್ಯಾಕ್ಸಿ ಎಂದು ಕೈಬೀಸುತ್ತಿರುವಾಗಲೇ ಖಾಲಿ ಗಾಡಿಗಳು ಅವರ ಮುಂದಿನಿಂದ ಹೊರಟವು.

ದಾರಿಯಲ್ಲಿ ಫೋನಿನೊಳಗಿನ ಹೆಣ್ಣು ದನಿ, ಮುಂದೆ ಎಡಕ್ಕೆ ತಿರುಗಿ, ಸಾಧ್ಯವಾದರೆ ಹಿಂದಕ್ಕೆ ತಿರುಗಿ ಎಂದು ವಟಗುಟ್ಟುತ್ತಲೇ ಇತ್ತು. ಆಯಮ್ಮನ ಬಾಯಿ ಮುಚ್ಚಿಸು ಮಾರಾಯ ಎಂದರು ದೊಡ್ಡಪ್ಪ. ಆಮೇಲೆ ಸಣ್ಣ ದನಿಯಲ್ಲಿ ಅವನಿಗೆ ತಿಳಿಸಿ ಹೇಳಿದರು.

"ಮಗುನ ನೀನೇ ಎತ್ಕೊಂಡು ಇಳಿ. ನನ್ನ ಕೈಗೆ ಕೊಡಬೇಡ. ಅದು ನಿನ್ನ ಸೊಂಟದ ಮೇಲಿರೋವರೆಗೂ ಯಾರೂ ಕೈ ಎತ್ತಲ್ಲ. ಸೀದಾ ತಾಯಿ ಹತ್ರ ನಡಿ."

"ತಾಯಿ ಕೈಗೆ ಕೊಟ್ಟ ಮೇಲೆ?"

ದೊಡ್ಡಪ್ಪ ಕಿಟಕಿಯ ಕಡೆ ನೋಡಿದರು.

ಬೀದಿಗೆ ತಿರುಗುತ್ತಲೇ ಯಾರೋ, ಅದೇ ಕಾರು, ಅದೇ ನಂಬರು ಎಂದು ಕೂಗಿದರು. ಜನ ಇವರ ಕಡೆಗೇ ನುಗ್ಗಿತು. ಗಾಜಿನ ಮೇಲೆ, ಬಾಗಿಲ ಮೇಲೆ ಕೈಗಳು ಬಿದ್ದವು. ಮುಂದಿನ ಗಾಡಿ ಹಾರನ್ ಹೊಡೆಯುತ್ತ ಇಂಚು ಇಂಚಾಗಿ ದಾರಿ ಬಿಡಿಸಿತು. ಗೇಟಿನ ಮುಂದೆ ಸ್ಟ್ಯಾಂಡಿನವರು ಇಳಿದು ಕೈಗೆ ಕೈ ಸೇರಿಸಿ ಅವನ ಬಾಗಿಲಿನಿಂದ ಗೇಟಿನ ತನಕ ಎರಡು ಕಡೆ ನಿಂತರು. ಅಳಿಯ ಇಳಿದ. ಮಗುವನ್ನು ಎತ್ತಿಕೊಂಡ. ಗಲಾಟೆ ಒಮ್ಮೆಗೇ ನಿಂತುಹೋಯಿತು, ದೊಡ್ಡಪ್ಪ ಹೇಳಿದ್ದು ನಿಜವಾಯಿತು. ಅಷ್ಟೂ ಕಣ್ಣುಗಳ ನಡುವೆ ಅವನು ನಡೆದ. ಅವನಿಗೆ ಕಾಣುತ್ತಿದ್ದುದು ಗೇಟಿನ ಬಳಿ ನೆಲದ ಮೇಲೆ ಕುಸಿದು ಕೂತಿದ್ದ ಆ ತಾಯಿ ಮಾತ್ರ. ಅವಳು ಏಳಲೂ ಆಗದೆ ಕೂತಲ್ಲಿಂದಲೇ ಎರಡೂ ಕೈ ಚಾಚಿದಳು.

ಕೊಡಬೇಕಾಯಿತು. ಕೊಟ್ಟ. ಸೊಂಟ ಖಾಲಿಯಾಯಿತು.

"ಇವನೇ," ಎಂದು ಮಗುವಿನ ಅಪ್ಪ ಅವನ ಎದೆಗೆ ಕೈ ಹಾಕಿದ. "ದಿನಾ ಸ್ಟೇಷನ್ ಹತ್ರ ಮಕ್ಕಳನ್ನ ನೋಡ್ಕೊಂಡು ಸುತ್ತುತಾನಂತೆ. ಇವನೇ ಕಳ್ಳ ಅಂತ ಅವನೇ ಹೇಳಿದ." ಅವನ ಬೆರಳು ಮೀಸೆಯ ಕಡೆಗಿತ್ತು.

ಮೀಸೆ ಗೋಡೆಯ ಬುಡದಲ್ಲಿ ಕೂತಿದ್ದ. ತುಟಿ ಒಡೆದು ಆ ದೊಡ್ಡ ಮೀಸೆ ಒಂದು ಕಡೆ ರಕ್ತಕ್ಕೆ ಅಂಟಿಕೊಂಡಿತ್ತು. ಸುಮ್ಮನಿದ್ದಿದ್ದರೆ ಅವನ ಪಾಲಿಗೆ ಎಲ್ಲ ಮುಗಿದಿತ್ತು. ಮಗು ಸಿಕ್ಕಿತ್ತು, ಕಳ್ಳನೂ ಸಿಕ್ಕಿದ್ದ, ಇನ್ನು ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ. ಅವನು ಗೋಡೆ ಹಿಡಿದುಕೊಂಡು ಎದ್ದ, ಕುಂಟುತ್ತ ಬಂದು ಅಳಿಯನಿಗೂ ಆ ಅಪ್ಪನಿಗೂ ನಡುವೆ ನಿಂತ.

"ನಾನು ಹೇಳಿದ್ದು ಸುಳ್ಳು," ಎಂದ. "ಹೊಡೆತ ತಾಳೋಕಾಗದೆ ಹೇಳಿದೆ. ಇವನು ಕಳ್ಳ ಅಲ್ಲ, ನಮ್ಮವನು. ಹೊಡೆಯೋದಾದ್ರೆ ನನಗೇ ಹೊಡೀರಿ."

ಅಪ್ಪ ಹೊಡೆದ. ಒಂದೇ ಏಟು. ಮೀಸೆ ಮುಖ ತಿರುಗಿಸಲಿಲ್ಲ. ಎರಡನೆಯದಕ್ಕೆ ಎತ್ತಿದ ಕೈಯನ್ನು ಹಿಂದಿನಿಂದ ಅಜ್ಜಿ ಹಿಡಿದುಕೊಂಡಳು. ಕಾರಿಗೆ ಹತ್ತಿದ್ದನ್ನು ನಾನೇ ನೋಡಿದ್ದೆನಪ್ಪಾ, ಇಳಿದಳು ಅಂದುಕೊಂಡೆ, ನಿಮ್ಮೆದುರು ಬಾಯಿ ಬಿಡಲು ಹೆದರಿಕೆಯಾಯಿತು ಎಂದು ಆ ಮುದುಕಿ ಅಷ್ಟು ಜನರ ಮುಂದೆ ಮಗನ ಕೈ ಹಿಡಿದುಕೊಂಡು ಅತ್ತಳು. ತಾಯಿಯ ತೊಡೆಯ ಮೇಲಿದ್ದ ಮಗುವಿಗೆ ಈ ಗಲಾಟೆ ಯಾವುದೂ ಬೇಕಿರಲಿಲ್ಲ, ಮಾಮ ನೀರು ಕೊಟ್ಟಿಲ್ಲ ಎಂದು ದೂರು ಹೇಳುತ್ತಿತ್ತು. ಜನ ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ಆಮೇಲೆ ಒಬ್ಬೊಬ್ಬರಾಗಿ ಕರಗಿದರು. ಹೊಡೆದವರೇ ಎಲ್ಲರಿಗಿಂತ ಮೊದಲು ಹೋದರು.

ಮೀಸೆಯ ಬಲಗೈ ಊದಿಕೊಂಡಿತ್ತು, ಸ್ಟೀರಿಂಗ್ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಅವನ ಗಾಡಿಯನ್ನು ಬೇರೊಬ್ಬರು ತೆಗೆದುಕೊಂಡರು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ದೊಡ್ಡಪ್ಪ ಅಳಿಯನಿಗೆ ಹೇಳಿ, ಬಾಗಿಲು ಹಾಕಿ ಹೊರಟರು. ಆದರೆ ಅಳಿಯನ ಕೈಯಲ್ಲಿ ಎರಡು ಸಲ ಕಾರು ಜಗ್ಗಿ ನಿಂತುಹೋಯಿತು. ಆಸ್ಪತ್ರೆಗೆ ಮೊದಲು ಸಿಕ್ಕ ಮರದ ನೆರಳಿಗೆ ಅವನು ಗಾಡಿ ಹಾಕಿಬಿಟ್ಟ. ಮೀಸೆ ದುಪ್ಪಟಿಯ ತುದಿಯಿಂದ ತುಟಿ ಒರೆಸಿಕೊಂಡ.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳದೆ ಇರಲು ಅಳಿಯನಿಗೆ ಆಗಲಿಲ್ಲ.

"ಅಣ್ಣ, ನಾನು ಮೊದಲೇ ಒಂದ್ಸಲ ಬಂದಿದ್ದೆ. ನಿಮ್ಮನ್ನ ಹೊಡೀತಿರೋದು ನೋಡಿದೆ. ನೋಡಿ ವಾಪಸ್ ಹೋದೆ."

ಮೀಸೆ ದುಪ್ಪಟಿಯನ್ನು ಪಕ್ಕಕ್ಕಿಟ್ಟ.

"ಗೊತ್ತು," ಎಂದ. "ನಿನ್ನ ಕಾರು ತಿರುಗಿಸಿದ್ದು ನಾನೂ ನೋಡಿದೆ. ಆಮೇಲೇ ನಿನ್ನನ್ನ ಕಳ್ಳ ಅಂದಿದ್ದು."

ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಮೀಸೆ ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹೋದವನು ಮತ್ತೆ ಯಾಕೆ ಬಂದೆ ಎಂದು ಕೇಳಿದ. ಅಳಿಯ ಹೇಳಿಕೊಳ್ಳುವಂಥ ಕಾರಣ ಏನಾದರೂ ಇದೆಯೇ ಎಂದು ಹುಡುಕಿದ. ಸಿಗಲಿಲ್ಲ.

"ಬರದೆ ಇರೋಕೆ ಇನ್ನೂ ಜಾಸ್ತಿ ಹೆದರಿಕೆ ಆಯ್ತು," ಎಂದ.

ಮೀಸೆ ತಲೆಯಾಡಿಸಿದ. ಗೋಡೆಯ ಬುಡದಿಂದ ಎದ್ದು ಬರುವಾಗ ತನಗೂ ಹಾಗೇ ಆಯಿತು ಎಂದ. ಅಳಿಯ ಕಾರು ಶುರು ಮಾಡಿದ. ಈ ಸಲ ಅದು ನಿಲ್ಲಲಿಲ್ಲ.